ಚಾಲಕರೊಡನೆ ಮಾತನಾಡಬಾರದು: ಯುರಿಕಾಮೊಮೆ ಬಳಕೆದಾರರ ಕೈಪಿಡಿ

ಈ ಯಂತ್ರವನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಬಳಸುವ ಮುನ್ನ ಕೈಪಿಡಿಯನ್ನು ಕೊನೆಯವರೆಗೆ ಓದಿ, ಮುಂದಿನ ಉಪಯೋಗಕ್ಕಾಗಿ ಜೋಪಾನವಾಗಿ ಎತ್ತಿಡಿ. ಎಲ್ಲಿ ಎಂದು ಕೇಳಬೇಡಿ. ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ನುಗಳ ಕೈಪಿಡಿಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಆಮೇಲೆ ಬೇಕೆಂದಾಗ ಸಿಗದಂತೆ ಮಾಡಿದ ಜಾಗವೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಅಲ್ಲೇ ಇಡಿ.

ಪೆಟ್ಟಿಗೆಯಲ್ಲಿ ಏನೇನಿದೆ

ಟೋಕಿಯೊದ ಶಿಂಬಾಶಿಯಿಂದ ಹೊರಟು, ಕೊಲ್ಲಿಯ ದಂಡೆಯನ್ನೂ ಸಮುದ್ರಕ್ಕೆ ಮಣ್ಣು ಸುರಿದು ಮಾಡಿದ ದ್ವೀಪಗಳನ್ನೂ ಬಳಸಿಕೊಂಡು ತೊಯೊಸು ಸೇರುವ 14.7 ಕಿಲೋಮೀಟರ್ ಉದ್ದದ ಎತ್ತರದ ದಾರಿ. 16 ನಿಲ್ದಾಣ. ಆರಾರು ಬೋಗಿಯ ಚಿಕ್ಕ ರೈಲುಗಳು. ಹೆಸರು ಯುರಿಕಾಮೊಮೆ. ಅದೊಂದು ಕಡಲಹಕ್ಕಿ, ಟೋಕಿಯೊ ಮಹಾನಗರದ ಅಧಿಕೃತ ಪಕ್ಷಿ.

ಡ್ರೈವರ್ ಇಲ್ಲ. ತಳದಲ್ಲಿ ಉಳಿದಿರಬಹುದೆಂದು ಥರ್ಮೋಕೋಲ್ ಎತ್ತಿ ಹುಡುಕಬೇಡಿ, ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಬೇಡಿ. ತಯಾರಕರೇ ಹಾಕಿಲ್ಲ. ಕಂಡಕ್ಟರೂ ಇಲ್ಲ. ಎಲ್ಲೋ ಒಂದು ನಿಯಂತ್ರಣ ಕೊಠಡಿಯಲ್ಲಿ ಕೆಲವರು ಪರದೆ ನೋಡುತ್ತಾ ಕೂತಿರುತ್ತಾರೆ, ಓಡಿಸುವುದು ಕಂಪ್ಯೂಟರು. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಬರೆದಿರುತ್ತಿದ್ದ 'ಚಾಲಕರೊಡನೆ ಮಾತನಾಡಬಾರದು' ಎಂಬ ನಿಯಮವನ್ನು ಪ್ರಯಾಣಿಕರೆಲ್ಲರೂ ಚಾಚೂ ತಪ್ಪದೆ ಪಾಲಿಸುವ ವಾಹನವನ್ನು ನಾನು ನೋಡಿದ್ದು ಇದೊಂದೇ.

ಹಳಿಯೂ ಇಲ್ಲ. ಕಾಂಕ್ರೀಟಿನ ದಾರಿಯ ಮೇಲೆ ರಬ್ಬರ್ ಟೈರುಗಳಲ್ಲಿ ಓಡುತ್ತದೆ. ಪಕ್ಕದಲ್ಲಿ ಅಡ್ಡಡ್ಡ ತಿರುಗುವ ಚಿಕ್ಕ ಚಕ್ರಗಳು ಅದು ಅತ್ತಿತ್ತ ಹೋಗದಂತೆ ಹಿಡಿದಿಟ್ಟಿರುತ್ತವೆ. ಹಳಿಯಿಲ್ಲದ್ದನ್ನು ರೈಲು ಎನ್ನುವುದು ಹೇಗೆ ಎಂದು ಕೇಳಬಹುದು. ಬಸ್ಸು ಎನ್ನೋಣವೆಂದರೆ ಹೇಳಿದ ಹೊತ್ತಿಗೆ ಬರುತ್ತದೆ. ಈ ಜಾತಿಯಲ್ಲಿ ಇದು ಮೊದಲನೆಯದೂ ಅಲ್ಲ. ಕೋಬೆ ನಗರದ ಬಂದರಿನ ದ್ವೀಪಕ್ಕೆ 1981ರಲ್ಲೇ ಇಂಥದೊಂದು ಡ್ರೈವರಿಲ್ಲದೆ ಓಡಾಡಲು ಶುರುಮಾಡಿತ್ತು. ಯುರಿಕಾಮೊಮೆ ಹೊರಟದ್ದು 1995ರ ನವೆಂಬರ್ 1ರಂದು.

ನಾನು ಈ ಯಂತ್ರವನ್ನು ಅಮ್ಮನ ಜೊತೆ ಬಳಸಿದೆ. ಮೈಸೂರು-ಬೆಂಗಳೂರು ಬಸ್ಸಿನಲ್ಲಿ ನಲವತ್ತು ವರ್ಷ ಓಡಾಡಿದ ಅಮ್ಮ, ಯಾವ ಬಸ್ಸನ್ನು ಹತ್ತಿದರೂ ಮೊದಲು ಡ್ರೈವರ್ ಮುಖ ನೋಡಿ, ಆಮೇಲೆ ಸೀಟು ನೋಡುವವಳು.

"ಇದನ್ನ ಓಡಿಸೋರು ಎಲ್ಲೋ?"

"ಕಂಪ್ಯೂಟರ್ ಓಡಿಸುತ್ತೆ ಕಣಮ್ಮ."

"ಅದಕ್ಕೆ ನಿದ್ದೆ ಬಂದ್ರೆ?"

ಈ ಪ್ರಶ್ನೆಗೆ ಉತ್ತರವನ್ನು 'ದೋಷ ನಿವಾರಣೆ' ಭಾಗದಲ್ಲಿ ನೋಡಿ.

ಸೀಟು ಹಿಡಿಯುವ ಕ್ರಮ

ಈ ಯಂತ್ರದ ಮುಖ್ಯ ಭಾಗ ಒಂದೇ: ಮೊದಲ ಬೋಗಿಯ ಮುಂದಿನ ಸಾಲಿನ ಸೀಟು. ಡ್ರೈವರ್ ಇಲ್ಲವಾದ್ದರಿಂದ ಡ್ರೈವರ್ ಕೋಣೆಯೂ ಇಲ್ಲ. ಡ್ರೈವರ್ ಕೂರಬೇಕಾಗಿದ್ದ ಜಾಗದಲ್ಲಿ ನೀವು ಕೂರಬಹುದು, ಮುಂದೆ ಅಗಲವಾದ ಗಾಜು, ಗಾಜಿನಾಚೆ ಇಡೀ ದಾರಿ. ಉಳಿದ ಸೀಟುಗಳು ಬರೀ ಸೀಟುಗಳು. ಅವುಗಳಲ್ಲಿ ಕೂತು ತೊಯೊಸು ತಲುಪಬಹುದು, ಅಷ್ಟೇ.

ನಮ್ಮ ಹಳೆಯ ಬಸ್ಸುಗಳಲ್ಲಿ ಬಾನೆಟ್ ಮೇಲೆ ಕೂತವರಿಗೆ ಈ ಸುಖದ ಅಂದಾಜಿದೆ. ಕೆಳಗೆ ಇಂಜಿನ್ನಿನ ಬಿಸಿ, ಮುಂದೆ ರಸ್ತೆ, ಗಾಜಿನ ಮೂಲೆಯಲ್ಲಿ ಬಾಡಿದ ಮಲ್ಲಿಗೆಯ ಹಾರ ಹಾಕಿಸಿಕೊಂಡ ದೇವರು. ಅಲ್ಲಿ ಕೂರಲು ಡ್ರೈವರನ ಕೃಪೆ ಬೇಕಿತ್ತು. ಅವನು ಕಣ್ಣಲ್ಲೇ 'ಹೂಂ' ಅಂದರೆ ಉಂಟು, ಇಲ್ಲದಿದ್ದರೆ ಕಂಬ ಹಿಡಿದು ನಿಲ್ಲಬೇಕು. ಇಲ್ಲಿ ಕೃಪೆ ಮಾಡುವವನೇ ಇಲ್ಲ, ಹಾಗಾಗಿ ಪೈಪೋಟಿ ನೇರವಾಗಿದೆ.

ಮೊದಲನೆಯದಾಗಿ, ಟವೆಲ್ ವಿಧಾನ ಇಲ್ಲಿ ನಡೆಯುವುದಿಲ್ಲ. ಕಿಟಕಿಯಿಂದ ಒಳಗೆ ಟವೆಲ್ ಎಸೆಯೋಣವೆಂದರೆ ಪ್ಲಾಟ್‌ಫಾರ್ಮಿನ ಅಂಚಿಗೂ ಗಾಜಿನ ತಡೆ, ಬಾಗಿಲು ತೆರೆಯುವುದು ರೈಲಿನ ಬಾಗಿಲು ತೆರೆದಾಗಲೇ. ಕರ್ಚೀಫು, ಚೀಲ, ಚಿಕ್ಕ ಮಗು ಇವು ಯಾವುವನ್ನೂ ಮುಂಚಿತವಾಗಿ ಒಳಗೆ ತೂರಿಸಲಾಗದು.

ಎರಡನೆಯದಾಗಿ, ಮೊದಲ ನಿಲ್ದಾಣವಾದ ಶಿಂಬಾಶಿಯಲ್ಲೇ ಹತ್ತಿ. ಪ್ಲಾಟ್‌ಫಾರ್ಮಿನ ಮುಂತುದಿಗೆ ನಡೆಯಿರಿ. ಅಲ್ಲಿ ಸಾಲಿರುತ್ತದೆ. ಸಾಲಿನಲ್ಲಿ ಯಾರ ಕೈಯಲ್ಲೂ ಬ್ರೀಫ್‌ಕೇಸ್ ಇಲ್ಲದಿದ್ದರೆ ಅದೇ ಸರಿಯಾದ ಸಾಲು. ಕೆಲಸಕ್ಕೆ ಹೋಗುವವರು ನಡುವಿನ ಬೋಗಿಗಳಲ್ಲಿ ಹತ್ತಿ ಫೋನು ನೋಡುತ್ತಾರೆ.

ಮೂರನೆಯದಾಗಿ, ಮುಂದಿನ ಸೀಟು ಸಿಗದಿದ್ದರೆ ಆ ರೈಲನ್ನು ಬಿಟ್ಟುಬಿಡಿ. ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುತ್ತದೆ. ಅದನ್ನೂ ಬಿಡಬೇಕಾಗಬಹುದು. ನಾವು ಮೂರು ಬಿಟ್ಟೆವು. ನಾಲ್ಕನೆಯದಕ್ಕೆ ಸಾಲಿನಲ್ಲಿ ಮೊದಲಿದ್ದವಳು ಅಮ್ಮ, ಎರಡನೆಯವನು ಐದಾರು ವರ್ಷದ ಒಬ್ಬ ಹುಡುಗ, ಅವನ ಹಿಂದೆ ಅವನ ಅಜ್ಜಿ. ನಾನು ನಾಲ್ಕನೆಯವನು. ಬಾಗಿಲು ತೆರೆದಾಗ ಯಾರೂ ಓಡಲಿಲ್ಲ, ಆದರೆ ಅಷ್ಟು ವೇಗವಾಗಿ ನಡೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಡುಗ ಒಂದು ಸೀಟು, ಅಮ್ಮ ಒಂದು ಸೀಟು. ಅಜ್ಜಿಯೂ ನಾನೂ ಹಿಂದೆ ನಿಂತು ಪರಸ್ಪರ ತಲೆಬಾಗಿದೆವು.

ಸೂಚನೆ: ಸಮವಸ್ತ್ರದ ಸಿಬ್ಬಂದಿಯೊಬ್ಬರು ಬಂದು ಮುಂದಿನ ಸೀಟನ್ನೇ ಕೇಳಿದರೆ ಬಿಟ್ಟುಕೊಡಿ. ಮುಚ್ಚಳ ಹಾಕಿ ಮರೆಮಾಡಿದ ಕೈಚಾಲನೆಯ ಸಾಧನ ಅಲ್ಲೇ ಇರುತ್ತದೆ. ಅದರ ಮೇಲೆ ತಿಂಡಿಯ ಡಬ್ಬಿ ಇಡಬೇಡಿ.

ಚಾಲನೆ

ಬಾಗಿಲು ಮುಚ್ಚಿತು. 'ರೈಟ್' ಎನ್ನಲು ಯಾರೂ ಇರಲಿಲ್ಲ. ಆ ಕ್ಷಣದಲ್ಲಿ ಹುಡುಗ ಬೆನ್ನು ನೆಟ್ಟಗೆ ಮಾಡಿ, ತೋರುಬೆರಳನ್ನು ಗಾಜಿನತ್ತ ಚಾಚಿ, "ಶುಪ್ಪತ್ಸು ಶಿಂಕೋ!" ಎಂದು ಕೂಗಿದ.

ಜಪಾನಿನ ರೈಲು ಡ್ರೈವರುಗಳದ್ದು ಇದೊಂದು ಪದ್ಧತಿ. ಸಿಗ್ನಲ್ ಕಂಡರೆ ಅದಕ್ಕೆ ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ವೇಗ ನೋಡಿದರೆ ಮಾಪಕಕ್ಕೆ ಬೆರಳು, ಗಡಿಯಾರ ನೋಡಿದರೆ ಗಡಿಯಾರಕ್ಕೆ ಬೆರಳು. ಕಣ್ಣು ನೋಡಿದ್ದನ್ನು ಕೈಯೂ ಬಾಯಿಯೂ ಒಪ್ಪಿದರೆ ತಪ್ಪು ಕಡಿಮೆಯಾಗುತ್ತದೆ ಎಂಬ ಲೆಕ್ಕ. ಹುಡುಗ ಕೂಗಿದ್ದು ಹೊರಡುವಾಗಿನ ಮಾತು: ಹೊರಡಲು ಸಿಗ್ನಲ್ ಸಿಕ್ಕಿದೆ ಎಂದು. ಕಂಪ್ಯೂಟರಿಗೆ ಬೆರಳಿಲ್ಲ. ಆ ಕೊರತೆಯನ್ನು ಹುಡುಗ ತುಂಬುತ್ತಿದ್ದ. ರೈಲು ಹೊರಟಿತು.

ಅಮ್ಮ ಒಂದು ನಿಲ್ದಾಣದವರೆಗೆ ಸುಮ್ಮನೆ ನೋಡಿದಳು. ತಾಕೆಶಿಬಾ ಬರುವ ಹೊತ್ತಿಗೆ, ರೈಲು ನಿಧಾನವಾಗುತ್ತಿದ್ದಂತೆ ಅವಳೂ "ಹೋಲ್ಡಾನ್" ಎಂದಳು. ಬಾಗಿಲು ಮುಚ್ಚಿದ ಮೇಲೆ "ರೈಟ್" ಎಂದಳು. ಹುಡುಗ ಒಮ್ಮೆ ತಿರುಗಿ ನೋಡಿ, ಈ ಸಿಬ್ಬಂದಿಯನ್ನು ಒಪ್ಪಿಕೊಂಡು, ಮತ್ತೆ ಬೆರಳು ಚಾಚಿದ. ಹೀಗೆ ಆ ರೈಲಿಗೆ ಡ್ರೈವರೂ ಕಂಡಕ್ಟರೂ ಸಿಕ್ಕರು.

ಶಿಬೌರಾ ದಾಟಿದ ಮೇಲೆ ಗಾಬರಿಯಾಗಬೇಡಿ. ಎದುರಿಗೆ ರೇನ್‌ಬೋ ಬ್ರಿಜ್ ಕಾಣುತ್ತಿರುವಾಗಲೇ ರೈಲು ಅದಕ್ಕೆ ಬೆನ್ನು ತಿರುಗಿಸುತ್ತದೆ. ಕೆಟ್ಟಿಲ್ಲ. ಕೆಳಗೆ ಹಡಗುಗಳು ಹಾದುಹೋಗಬೇಕಾದ್ದರಿಂದ ಸೇತುವೆ ನೀರಿನಿಂದ ಸುಮಾರು 50 ಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ನೆಟ್ಟಗೆ ಏರಲಾರದೆ ರೈಲು ದೊಡ್ಡದೊಂದು ಸುತ್ತು ಹಾಕುತ್ತಾ ಹತ್ತುತ್ತದೆ, ತಿರುಪತಿ ಬೆಟ್ಟ ಹತ್ತುವ ಬಸ್ಸಿನ ಹಾಗೆ. ಈ ಸುತ್ತಿನಲ್ಲಿ ಗೋದಾಮು, ಕಾಲುವೆ, ಕ್ರೇನು, ಕೊಲ್ಲಿ ಎಲ್ಲವೂ ಒಂದಾದ ಮೇಲೊಂದು ಗಾಜಿನ ಮುಂದೆ ಬಂದು ಮುಖ ತೋರಿಸಿ ಹೋಗುತ್ತವೆ. ನನ್ನ ಮಟ್ಟಿಗೆ ಇಡೀ ಯಂತ್ರದ ಬೆಲೆ ಈ ಒಂದು ಸುತ್ತಿನಲ್ಲಿದೆ.

ಸೇತುವೆ 1993ರಲ್ಲಿ ತೆರೆದದ್ದು, ಎರಡಂತಸ್ತಿನದು. ಮೇಲೆ ಎಕ್ಸ್‌ಪ್ರೆಸ್‌ವೇ, ಕೆಳಗಿನ ಅಂತಸ್ತಿನ ನಡುವೆ ನೀವು, ನಿಮ್ಮ ಎರಡೂ ಪಕ್ಕ ಸಾಮಾನ್ಯ ರಸ್ತೆ, ಅದರಾಚೆ ನಡೆದುಹೋಗುವವರ ದಾರಿ. ಉಕ್ಕಿನ ತೊಲೆಗಳ ಸಂದಿಯಿಂದ ನೀರು ಕಾಣುತ್ತದೆ. ಒಳ್ಳೆಯ ಫೋಟೊ ಬರುವುದಿಲ್ಲ, ಪ್ರತಿ ಚಿತ್ರದಲ್ಲೂ ಒಂದು ತೊಲೆ ಅಡ್ಡ ಬಂದಿರುತ್ತದೆ. ಫೋನು ಕೆಳಗಿಟ್ಟು ನೋಡಿ.

ಹುಡುಗನೂ ಅಜ್ಜಿಯೂ ದೈಬಾ ನಿಲ್ದಾಣದಲ್ಲಿ ಇಳಿದರು. ಅಮ್ಮ ಅಭ್ಯಾಸಬಲದಿಂದ, ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಹೇಳುವ ಹಾಗೆಯೇ ಅವನಿಗೆ "ಬರ್ತೀನಪ್ಪ" ಎಂದಳು, ಇಳಿಯುತ್ತಿದ್ದವನು ಅವನಾದರೂ. ಅಲ್ಲಿಂದ ಮುಂದೆ ರೈಲು ಡ್ರೈವರ್ ಇಲ್ಲದೆ ಓಡಿತು.

ಗಾಜಿನಾಚೆ ಕಾಣುವ ಸಾಮಾನುಗಳು

ಇವು ಯಂತ್ರದ ಭಾಗಗಳಲ್ಲ, ಆದರೂ ಜೊತೆಗೆ ಬರುತ್ತವೆ. ಸೇತುವೆಯಿಂದ ಇಳಿಯುವಾಗ ನೀರಿನಲ್ಲಿ ಕಲ್ಲುಕಟ್ಟೆಯ ಅಂಚಿನ ಹಸಿರು ದ್ವೀಪಗಳು ಕಾಣುತ್ತವೆ. 1853ರಲ್ಲಿ ಅಮೆರಿಕದ ಕಮೊಡೋರ್ ಪೆರಿ ಕಪ್ಪು ಹಡಗುಗಳೊಂದಿಗೆ ಬಂದು ಬಾಗಿಲು ತೆರೆಯಿರಿ ಎಂದಾಗ, ಶೋಗನ್ ಸರ್ಕಾರ ಗಡಿಬಿಡಿಯಲ್ಲಿ ಸಮುದ್ರದಲ್ಲಿ ಕಟ್ಟಿಸಿದ ಫಿರಂಗಿ ಕಟ್ಟೆಗಳು ಅವು. 'ದೈಬಾ' ಎಂದರೆ ಅದೇ, ಫಿರಂಗಿ ಕಟ್ಟೆ. ಹನ್ನೊಂದು ಕಟ್ಟಬೇಕೆಂದಿತ್ತು, ಅಷ್ಟೂ ಮುಗಿಯಲಿಲ್ಲ. ಪೆರಿ ಮರುವರ್ಷ ಮತ್ತೆ ಬಂದ, ವಿಷಯ ಒಪ್ಪಂದದಲ್ಲಿ ಮುಗಿಯಿತು. ಫಿರಂಗಿಗಳು ಬರಲೇ ಇಲ್ಲದ ಯುದ್ಧಕ್ಕೆ ಕಾದು ಕೂತವು. ಈಗ ಅವುಗಳ ಹತ್ತಿರದ ದಂಡೆಯಲ್ಲಿ ಲಿಬರ್ಟಿ ಪ್ರತಿಮೆಯ ಚಿಕ್ಕ ಪ್ರತಿಯೊಂದು ಪಂಜು ಎತ್ತಿ ನಿಂತಿದೆ. ಪ್ಯಾರಿಸಿನಲ್ಲಿರುವ ಪ್ರತಿಮೆಯನ್ನು ಕೆಲಕಾಲ ಎರವಲು ತಂದು ನಿಲ್ಲಿಸಿದ್ದರಂತೆ. ಜನರಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ಹಿಂದಿರುಗಿಸಿದ ಮೇಲೆ 2000ದಲ್ಲಿ ತಮ್ಮದೇ ಒಂದನ್ನು ಮಾಡಿಸಿ ಇಟ್ಟರು. ಪೆರಿ ನೋಡಿದ್ದರೆ ಏನೆನ್ನುತ್ತಿದ್ದನೋ.

ಆಮೇಲೆ ಕಟ್ಟಡವೊಂದರ ಹೊಟ್ಟೆಯಲ್ಲಿ ಸಿಕ್ಕಿಕೊಂಡ ದೊಡ್ಡ ಬೆಳ್ಳಿಗುಂಡು. ಕೆಂಜೋ ತಾಂಗೆ ವಿನ್ಯಾಸ ಮಾಡಿದ ಫುಜಿ ಟೆಲಿವಿಷನ್ ಕಟ್ಟಡ, ಗುಂಡಿನ ವ್ಯಾಸ 32 ಮೀಟರ್. ಅದನ್ನು ನೋಡಿ ಅಮ್ಮ, "ತೇರಿನ ಕಳಸ ಜಾರಿ ಕೆಳಗೆ ಬಂದ ಹಾಗಿದೆ" ಎಂದಳು. ವಾಸ್ತುಶಿಲ್ಪದ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ.

ಈ ಕಟ್ಟಡವಿರುವ, ಮಣ್ಣು ಸುರಿದು ಮಾಡಿದ ದ್ವೀಪದಲ್ಲಿ ಅಗಲ ರಸ್ತೆಗಳು, ವಿಪರೀತ ದೊಡ್ಡ ಕಟ್ಟಡಗಳು, ಅವುಗಳ ನಡುವೆ ವಿಪರೀತ ಬಯಲು. ಯಾರಿಗೋ ಕಾಯುತ್ತಿರುವ ಕಲ್ಯಾಣಮಂಟಪದ ಹಾಗೆ. ಕಾರಣವುಂಟು. ಇಲ್ಲಿ 1996ರಲ್ಲಿ ಜಾಗತಿಕ ನಗರ ಮೇಳವೊಂದು ನಡೆಯಬೇಕಿತ್ತು. 1995ರ ಏಪ್ರಿಲ್‌ನ ಚುನಾವಣೆಯಲ್ಲಿ, ಹಾಸ್ಯ ಬರಹಗಾರ, ಟಿ.ವಿ.ಯಲ್ಲಿ ಕೆಡುಕಿ ಅಜ್ಜಿಯ ವೇಷ ಹಾಕಿ ಮನೆಮಾತಾಗಿದ್ದ ಯುಕಿಯೊ ಆಓಶಿಮಾ, 'ಮೇಳ ರದ್ದು ಮಾಡುತ್ತೇನೆ' ಎಂದು ಹೇಳಿ ಟೋಕಿಯೊದ ರಾಜ್ಯಪಾಲರಾಗಿ ಗೆದ್ದರು. ಗೆದ್ದ ಮೇಲೆ, ರಾಜಕಾರಣಿಗಳ ವಾಡಿಕೆಗೆ ವಿರುದ್ಧವಾಗಿ, ಹೇಳಿದ್ದನ್ನೇ ಮಾಡಿದರು. ಮೇಳ ರದ್ದಾಯಿತು. ಮೇಳಕ್ಕೆ ಜನರನ್ನು ಹೊರಬೇಕಿದ್ದ ರೈಲು ಮಾತ್ರ ಸಿದ್ಧವಾಗಿ ನಿಂತಿತ್ತು, ನವೆಂಬರಿನಲ್ಲಿ ಓಡಲು ಶುರುಮಾಡಿತು. ಮದುವೆ ಮುರಿದ ಮೇಲೂ ವಾಲಗದವರು ಬಂದು ನುಡಿಸಿದ ಹಾಗೆ.

ಹಾಗಾಗಿ ಈ ಯಂತ್ರದಲ್ಲಿ ಕಡಿಮೆಯಿದ್ದದ್ದು ಡ್ರೈವರ್ ಎಂದು ದೂರುವವರು ವಿಷಯ ತಿಳಿಯದವರು. ಕಡಿಮೆಯಿದ್ದದ್ದು ಊರು. ರೈಲು ಮೊದಲು ಬಂತು, ಊರು ಆಮೇಲೆ, ಕಂತುಕಂತಾಗಿ ಬಂತು. ಶಿಂಬಾಶಿಯ ಪಕ್ಕದ ಶಿಯೊದೊಮೆಯನ್ನೇ ನೋಡಿ. 1872ರಲ್ಲಿ ಜಪಾನಿನ ಮೊಟ್ಟಮೊದಲ ರೈಲು ಯೊಕೊಹಾಮಾಕ್ಕೆ ಹೊರಟ ನಿಲ್ದಾಣ ಇದ್ದ ಜಾಗ ಅದು. ಅಂಥ ಜಾಗದ ಮೇಲೆಯೇ ಯುರಿಕಾಮೊಮೆ ಏಳು ವರ್ಷ ನಿಲ್ಲದೆ ಹಾದುಹೋಗುತ್ತಿತ್ತು, ಏಕೆಂದರೆ ಕೆಳಗೆ ಇಳಿದು ಹೋಗಲು ಏನೂ ಇರಲಿಲ್ಲ. ನಿಲ್ಲಲು ಶುರುಮಾಡಿದ್ದು 2002ರ ನವೆಂಬರಿನಲ್ಲಿ.

ಬೆಂಗಳೂರಿನ ಓದುಗರಿಗೆ ಇದು ತಲೆಕೆಳಗಾಗಿ ಕಾಣಬಹುದು. ನಮ್ಮ ಮೆಟ್ರೊದ ಹಳದಿ ಮಾರ್ಗಕ್ಕೂ 16 ನಿಲ್ದಾಣ, ಅಲ್ಲಿನ ರೈಲುಗಳೂ ಡ್ರೈವರಿಲ್ಲದೆ ಓಡಬಲ್ಲವು. ಕಂಬ, ನಿಲ್ದಾಣ ಎಲ್ಲ ಎದ್ದು ನಿಂತ ಮೇಲೂ, ರೈಲು ಬರಲಿಲ್ಲವೆಂದು ಸಿಲ್ಕ್ ಬೋರ್ಡಿನ ಜನ ಕೆಳಗಿನ ಟ್ರಾಫಿಕ್ಕಿನಲ್ಲಿ ತಲೆಯೆತ್ತಿ ನೋಡುತ್ತಾ ಕಾದರು. 2025ರ ಆಗಸ್ಟ್ 10ರಂದು ರೈಲು ಬಂತು, ಸದ್ಯಕ್ಕಿರಲಿ ಎಂದು ಒಬ್ಬ ಡ್ರೈವರನ್ನೂ ಕೂರಿಸಿಕೊಂಡು. ನಮ್ಮಲ್ಲಿ ಊರು ರೈಲಿಗೆ ಕಾದಿತು, ಅಲ್ಲಿ ರೈಲು ಊರಿಗೆ ಕಾದಿತು.

ಎಚ್ಚರಿಕೆ

ಈ ಭಾಗವನ್ನು ಓದದೆ ಹೊರಟವರು ಕಷ್ಟಕ್ಕೆ ಸಿಕ್ಕಿದ್ದಾರೆ. ಮಾರ್ಗದಲ್ಲಿ ಆಓಮಿ ಎಂಬ ನಿಲ್ದಾಣವಿದೆ. ಟೋಕಿಯೊದ ಪಶ್ಚಿಮದ ತುದಿಯಲ್ಲಿ, ಬೆಟ್ಟಗಳ ಬುಡದಲ್ಲಿ, ಓಮೆ ಎಂಬ ಬೇರೆ ಊರಿದೆ. ಎರಡನ್ನೂ ಎರಡೆರಡು ಅಕ್ಷರದಲ್ಲಿ ಬರೆಯುತ್ತಾರೆ. ಮೊದಲ ಅಕ್ಷರ ಒಂದೇ. ಎರಡನೆಯ ಅಕ್ಷರದಲ್ಲಿ ಎಡಗಡೆಯ ತುಂಡು ಮಾತ್ರ ಬೇರೆ: ನೀರಿನ ಚಿಹ್ನೆ ಇದ್ದರೆ 'ಸಮುದ್ರ', ಮರದ ಚಿಹ್ನೆ ಇದ್ದರೆ 'ಪ್ಲಮ್'. ನಮ್ಮ 'ಮನ'ಕ್ಕೂ 'ಮಾನ'ಕ್ಕೂ ಇರುವಷ್ಟೇ ವ್ಯತ್ಯಾಸ. ಆಓಮಿಯಲ್ಲಿ ಸಂಗೀತ ಕಛೇರಿಯಿದೆ ಎಂದು ಟಿಕೆಟ್ ಕೊಂಡು, ಗಂಟೆಗಟ್ಟಲೆ ರೈಲಿನಲ್ಲಿ ಕೂತು, ಓಮೆಯ ಪ್ರಶಾಂತ ಬೆಟ್ಟಗಳ ನಡುವೆ ಇಳಿದು ನಿಂತ ಅಭಿಮಾನಿಗಳ ಕಥೆ ಜಪಾನಿನಲ್ಲಿ ಗಾದೆಯಷ್ಟು ಹಳತು. ನೀರು ಕಂಡರೆ ಇಳಿಯಿರಿ, ಮರ ಕಂಡರೆ ಫೋನ್ ಮಾಡಿ ಕ್ಷಮೆ ಕೇಳಿ.

ಎರಡನೆಯ ಎಚ್ಚರಿಕೆ ಆಗಸ್ಟ್ ಮತ್ತು ಡಿಸೆಂಬರಿಗೆ ಸಂಬಂಧಿಸಿದ್ದು. ನಾಲ್ಕು ಪಿರಮಿಡ್ಡುಗಳನ್ನು ತಲೆಕೆಳಗಾಗಿ ನಿಲ್ಲಿಸಿದಂಥ ಬಿಗ್ ಸೈಟ್ ಪ್ರದರ್ಶನ ಕೇಂದ್ರದಲ್ಲಿ ಆಗ ಕಾಮಿಕ್ಸ್ ಅಭಿಮಾನಿಗಳ ಸಂತೆ ಸೇರುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿದವರು ಜನಸಂದಣಿಯನ್ನು ಅಂದಾಜು ಮಾಡಬಲ್ಲರು, ಆದರೆ ಇಲ್ಲಿ ಕಡಲೆಕಾಯಿ ಇಲ್ಲ, ಎಲ್ಲರ ಕೈಯಲ್ಲೂ ಚಿತ್ರಕಥೆಯ ಪುಸ್ತಕದ ಚೀಲ. ಆ ದಿನಗಳಲ್ಲಿ ಮುಂದಿನ ಸೀಟಿನ ಆಸೆ ಬಿಡಿ, ಕಾಲು ಊರಲು ಜಾಗ ಸಿಕ್ಕರೆ ಪುಣ್ಯ.

ದೋಷ ನಿವಾರಣೆ

ಗಾಳಿ ಜೋರಾದರೆ: ಯಂತ್ರ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಕಡಲ ಮೇಲಿನ ಸೇತುವೆ, ಹಟ ಮಾಡಬೇಡಿ.

ಚಕ್ರ ಕಳಚಿಕೊಂಡರೆ: ನಗಬೇಡಿ, ಆಗಿದೆ. 2006ರ ಏಪ್ರಿಲ್‌ನಲ್ಲಿ, ತೊಯೊಸುವರೆಗೆ ಮಾರ್ಗ ವಿಸ್ತರಿಸಿ ಒಂದು ತಿಂಗಳು ಕೂಡ ತುಂಬುವ ಮುಂಚೆ, ಒಂದು ರೈಲಿನ ಚಕ್ರ ಕಳಚಿತು. ಕೆಲವು ದಿನ ಓಡಾಟ ನಿಲ್ಲಿಸಿ ಎಲ್ಲ ರೈಲುಗಳನ್ನೂ ತಪಾಸಣೆ ಮಾಡಿದರು.

ಕಂಪ್ಯೂಟರಿಗೆ ನಿದ್ದೆ ಬಂದರೆ: ಅಮ್ಮನ ಪ್ರಶ್ನೆ. ನಿದ್ದೆ ಬರುವುದಿಲ್ಲ, ಆದರೆ ದಿಕ್ಕು ತಪ್ಪಬಹುದು. ಯುರಿಕಾಮೊಮೆಯಲ್ಲಲ್ಲ, ಯೊಕೊಹಾಮಾದ ಕಡಲಂಚಿನಲ್ಲಿ ಓಡುವ ಇಂಥದೇ ಇನ್ನೊಂದು ರೈಲಿನಲ್ಲಿ ಹೀಗಾಯಿತು. 2019ರ ಜೂನ್ 1ರಂದು ಕೊನೆಯ ನಿಲ್ದಾಣದಿಂದ ಮುಂದೆ ಹೊರಡಬೇಕಿದ್ದ ರೈಲು ಹಿಂದಕ್ಕೆ ಹೊರಟು, ದಾರಿಯ ತುದಿಯ ತಡೆಗೆ ಗುದ್ದಿತು. ಹತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ದಿಕ್ಕಿನ ಆದೇಶ ಒಯ್ಯುವ ಒಂದು ತಂತಿ ತುಂಡಾಗಿತ್ತು. ಮನುಷ್ಯ ಡ್ರೈವರಾಗಿದ್ದರೆ ಗಾಜಿನಲ್ಲಿ ಪ್ಲಾಟ್‌ಫಾರ್ಮು ಉಲ್ಟಾ ಸರಿಯುತ್ತಿರುವುದು ಕಂಡು ಬ್ರೇಕ್ ತುಳಿಯುತ್ತಿದ್ದ. ಯಂತ್ರಕ್ಕೆ ಕಣ್ಣಿಲ್ಲ, ನೋಡುವುದು ಪ್ರಯಾಣಿಕರು ಮಾತ್ರ. ಇದನ್ನು ಅಮ್ಮನಿಗೆ ಪ್ರಯಾಣ ಮುಗಿದ ಮೇಲೆ ಹೇಳಿದೆ. "ಅದಕ್ಕೇ ಆ ಹುಡುಗ ಬೆರಳು ತೋರಿಸ್ತಿದ್ದದ್ದು" ಎಂದಳು.

ಧ್ವನಿ ಬದಲಾಗುತ್ತಿದ್ದರೆ: ದೋಷವಲ್ಲ. ನಿಲ್ದಾಣಗಳ ಘೋಷಣೆಗೆ ಬೇರೆ ಬೇರೆ ಕಂಠದಾನ ಕಲಾವಿದರ ಧ್ವನಿ ಬಳಸಿದ್ದಾರೆ. ಅನಿಮೆ ಬಲ್ಲವರು ಕಿವಿಗೊಟ್ಟು ಕೇಳಿ ಹೆಸರು ಹೇಳುತ್ತಾರೆ.

ಆತುರಪಡದಿರುವ ವಿಧಾನ

ಅರಿಯಾಕೆ ದಾಟಿದ ಮೇಲೆ ಶಿಜೋಮಾಎ ಎಂಬ ನಿಲ್ದಾಣ. ಹೆಸರಿನ ಅರ್ಥ 'ಮಾರುಕಟ್ಟೆಯ ಮುಂದೆ'. ನಿಲ್ದಾಣ ತೆರೆದದ್ದು 2006ರ ಮಾರ್ಚ್ 27ರಂದು. ಆಗ ಅದರ ಮುಂದೆ ಮಾರುಕಟ್ಟೆ ಇರಲಿಲ್ಲ. ತ್ಸುಕಿಜಿಯ ಹಳೆಯ ಮೀನು ಮಾರುಕಟ್ಟೆಯನ್ನು ಇಲ್ಲಿಗೆ ತರಬೇಕೆಂಬ ತೀರ್ಮಾನ ಮಾತ್ರ ಇತ್ತು. ಜಾಗ ಮೊದಲು ಗ್ಯಾಸ್ ತಯಾರಿಕೆಯ ಸ್ಥಾವರದ್ದು, ಮಣ್ಣಿನಲ್ಲಿ ವಿಷ ಉಳಿದಿತ್ತು. ಮಣ್ಣು ಶುದ್ಧ ಮಾಡಬೇಕು, ಶುದ್ಧವಾಯಿತೋ ಇಲ್ಲವೋ ಎಂದು ಜಗಳವಾಡಬೇಕು, ಜಗಳ ಮುಗಿದು ಕಟ್ಟಬೇಕು. ಕಟ್ಟಿದ ಮೇಲೆ, 2016ರ ನವೆಂಬರಿನಲ್ಲಿ ಸ್ಥಳಾಂತರ ಎಂದು ದಿನ ಗೊತ್ತುಮಾಡಿದ ಮೇಲೆ, ಹೊಸ ರಾಜ್ಯಪಾಲೆ ಯುರಿಕೊ ಕೊಯಿಕೆ ಅದನ್ನೂ ಮುಂದೂಡಿದರು.

ಇಷ್ಟೂ ಕಾಲ ರೈಲು ದಿನವೂ, ಬೆಳಗ್ಗೆಯಿಂದ ರಾತ್ರಿಯವರೆಗೆ, ಮಾರುಕಟ್ಟೆಯ ಮುಂದೆ ಬಂದು ನಿಂತಿತು. ಬಾಗಿಲು ತೆರೆಯಿತು. 'ಮಾರುಕಟ್ಟೆಯ ಮುಂದೆ' ಎಂದು ಘೋಷಣೆಯಾಯಿತು. ಬಾಗಿಲಾಚೆ ಬೇಲಿ, ಹುಲ್ಲು, ಗಾಳಿ. ಬಾಗಿಲು ಮುಚ್ಚಿತು. ಡ್ರೈವರ್ ಇದ್ದಿದ್ದರೆ ಎರಡನೇ ವಾರಕ್ಕೆ 'ಯಾರೂ ಇಳಿಯೋರಿಲ್ಲ' ಎಂದು ನಿಲ್ಲಿಸದೆ ಹೋಗುತ್ತಿದ್ದ. ನಮ್ಮೂರಿನ ಎಷ್ಟೋ ಸ್ಟಾಪುಗಳು ಹಾಗೇ ಕಾಣೆಯಾಗಿವೆ. ಈ ಯಂತ್ರಕ್ಕೆ ಆ ಬುದ್ಧಿ ಇಲ್ಲ. ಹನ್ನೆರಡು ವರ್ಷ, ಆರು ತಿಂಗಳು ನಿಂತಿತು. 2018ರ ಅಕ್ಟೋಬರ್ 11ರಂದು ಮಾರುಕಟ್ಟೆ ಬಂತು.

ಈಗ ಅಲ್ಲಿ ಇಳಿಯಬಹುದು. ಬೆಳಗಿನ ಜಾವ ಟ್ಯೂನಾ ಹರಾಜು ನಡೆಯುತ್ತದೆ, ನೋಡಲು ಪ್ರವಾಸಿಗಳಿಗೂ ಜಾಗ ಮಾಡಿದ್ದಾರೆ. ಅಮ್ಮ ಸಸ್ಯಾಹಾರಿ, ನಾವು ಇಳಿಯಲಿಲ್ಲ.

ಯಂತ್ರವನ್ನು ನಿಲ್ಲಿಸುವುದು

ಗುಂಡಿ ಯಾವುದೂ ಇಲ್ಲ. ತೊಯೊಸು ಬಂದರೆ ಅದೇ ನಿಲ್ಲುತ್ತದೆ. ಶಿಂಬಾಶಿಯಿಂದ ಇಲ್ಲಿಗೆ ಅರ್ಧ ಗಂಟೆಯ ದಾರಿ. ಸೀಟಿನ ಕೆಳಗೆ ಏನಾದರೂ ಬಿಟ್ಟಿದ್ದೀರಾ ನೋಡಿ. ಎಲ್ಲರೂ ಇಳಿಯಬೇಕು, ಮುಂದಿನ ಸೀಟಿನವರೂ ಕೂಡ. ಹಿಂದಿರುಗುವಾಗ ಈಗಿನ ಕೊನೆಯ ಬೋಗಿಯೇ ಮೊದಲ ಬೋಗಿಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಆ ಕಡೆ ಬೇಗ ನಡೆಯಿರಿ. ಅಲ್ಲಿ ಆಗಲೇ ಸಾಲು ಬೆಳೆಯುತ್ತಿರುತ್ತದೆ.

ನಡೆಯುವ ಮುನ್ನ ಒಮ್ಮೆ ಗಾಜಿನಾಚೆ ನೋಡಿ. ಮಾರ್ಗವನ್ನು ಮುಂದೆಂದೋ ವಿಸ್ತರಿಸಬಹುದೆಂದು ನಿಲ್ದಾಣದಾಚೆಗೂ ಕಾಂಕ್ರೀಟು ಹಾಕಿದ್ದಾರೆ. ಅದು ಸ್ವಲ್ಪ ದೂರ ಹೋಗಿ, ಹರುಮಿಯ ಕಡೆಗೆ ಬಾಗಿ, ರಸ್ತೆಯ ಮೇಲೆ ಗಾಳಿಯಲ್ಲಿ ಮುಗಿಯುತ್ತದೆ.